ಗಾಲಿ ಬದಲಾಯಿತು, ಗಾಡಿ ಓಡಿತು

ಒಗ್ಗರಣೆ ಸೌಟು ಹಿಡಿಯೋ ಕೈಗೆ ರೈಲುಗಾಡಿ ಯಾಕಮ್ಮಾ ಅಂತ ಹುಬ್ಬೇರಿಸಬೇಡಿ. ಮೂಗುತಿಯ ತಿರುಪು ಹಾಕಿ, ಸೂಜಿಗೆ ದಾರ ಪೋಣಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿ ಅಭ್ಯಾಸವಾದ ನಮಗಲ್ಲದೆ ಇನ್ಯಾರಿಗೆ ಬರುತ್ತೆ ಹೇಳಿ, ಈ ಕೆಲಸ?

ಅಮೆರಿಕದಲ್ಲಿರುವ ನನ್ನ ತಮ್ಮ ರಜೆಗೆ ಬಂದಾಗ ನನ್ನ ಮಗನಿಗೆ ಒಂದು ಪುಟ್ಟ ರೈಲು ತಂದುಕೊಟ್ಟ. ಅಲ್ಲಿ ಯಾರೋ ಆಡಿ ಬಿಟ್ಟ ಹಳೆಯ ಸೆಟ್ಟು. ಎಂಜಿನ್ನು, ಎಂಟು ಡಬ್ಬಿ, ಒಂದಿಷ್ಟು ಕಂಬಿ. ಇದಕ್ಕೆ ‘ಎನ್ ಸ್ಕೇಲ್’ ಅನ್ನುತ್ತಾರಂತೆ. ನಿಜವಾದ ರೈಲಿನ 160ನೇ ಒಂದು ಪಾಲು. ಅಮೆರಿಕದ ಕಂಬಿಗಳ ನಡುವಿನ ಅಂತರ 1435 ಮಿಲಿಮೀಟರು. ಅದನ್ನು 160ರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ 9 ಬರುತ್ತೆ. ಅಷ್ಟೇ ಅಗಲ, ನಮ್ಮ ಕಿರುಬೆರಳಿನಷ್ಟೂ ಇಲ್ಲ!

ಮಗ ಕುಣಿದಾಡಿದ. ಆದರೆ ಗಾಡಿ ಒಂದು ಸುತ್ತೂ ಪೂರ್ತಿ ಓಡಲಿಲ್ಲ. ತಿರುವಿನಲ್ಲಿ ಡಬ್ಬಿ ಉರುಳೋದು, ಇಲ್ಲವೇ ನಡುವೆ ಕೊಂಡಿ ಕಳಚೋದು. ಅವನು ನನಗೆ ಹೇಳದೆ ಗಾಲಿಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟ. ಕೂದಲು, ಧೂಳು ಎಲ್ಲ ಮೆತ್ತಿಕೊಂಡು ಇದ್ದ ಓಟವೂ ನಿಂತಿತು. ‘ಗುಜರಿಗೆ ಹಾಕು’ ಅಂದರು ನಮ್ಮ ಯಜಮಾನರು.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಲೇಬೇಕು. ಅವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು, ಮಾತೂ ತೊದಲಿತು. ಡಾಕ್ಟರು ‘ಬೆರಳಿಗೆ ಕೆಲಸ ಕೊಡಿ’ ಅಂದರೂ ರಬ್ಬರ್ ಚೆಂಡು ಹಿಸುಕೋದು ಅವರಿಗೆ ಅವಮಾನ. ಇಡೀ ದಿನ ಗೋಡೆ ನೋಡುತ್ತಾ ಕೂರುತ್ತಿದ್ದರು. ಅವತ್ತು ಮೊಮ್ಮಗ ಬಿಕ್ಕುತ್ತಾ ಡಬ್ಬಿಯೊಂದನ್ನು ಅವರ ಮಡಿಲಿಗೆ ಹಾಕಿದ. ಎಡಗೈಯಲ್ಲಿ ತಿರುವಿ ನೋಡಿದರು, ಗಾಲಿಯ ಅಂಚಿಗೆ ಬೆರಳಿಟ್ಟರು. ‘ಫ್ಲಾಂ...ಜು’ ಅಂದರು. ಎಷ್ಟೋ ದಿನಗಳ ಮೇಲೆ ತಾವಾಗಿ ಆಡಿದ ಮಾತು!

ಗಾಲಿ ಕಂಬಿಯಿಂದ ಜಾರದಂತೆ ಒಳಗಡೆ ಇರುವ ಅಂಚೇ ಫ್ಲಾಂಜು. ಹಳೆಯ ಸೆಟ್ಟುಗಳಲ್ಲಿ ಈ ಅಂಚು ತೀರಾ ಆಳ. ಗಿಡ್ಡ ಕಂಬಿಯ ಮೇಲೆ ಓಡಿಸಿದರೆ ಕಂಬಿ ಹಿಡಿದಿರುವ ಮೊಳೆಗಳಿಗೆ ತಾಗಿ ಟಕಟಕ ಅಂತ ಕುಣಿಯುತ್ತೆ. ಸಾಲದ್ದಕ್ಕೆ ಪ್ಲಾಸ್ಟಿಕ್ ಗಾಲಿ. ಕೊಳೆ ಬೇಗ ಹಿಡಿದು ಅದನ್ನು ಕಂಬಿಗೂ ಬಳಿಯುತ್ತೆ. ತಮ್ಮನಿಗೆ ಫೋನು ಮಾಡಿದೆ. ‘ಅಕ್ಕಾ, ಲೋಹದ ಗಾಲಿ, ಹೊಸ ಕಪ್ಲಿಂಗ್ ಎರಡೂ ಸಿಗುತ್ತೆ’ ಅಂದ. ತಿಂಗಳೊಳಗೆ ಪೊಟ್ಟಣ ಬಂತು.

ನಾವು ಡಬ್ಬಿಗೇ ಬೋಗಿ ಅಂತೀವಿ. ಅಪ್ಪನ ಲೆಕ್ಕದಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಎರಡು ಜೊತೆ ಗಾಲಿ ಹಿಡಿದಿರುವ ಚೌಕಟ್ಟು. ಆ ಚೌಕಟ್ಟಿನ ಎರಡು ಬದಿಯನ್ನು ಉಗುರಿನಿಂದ ಒಂದಿಷ್ಟು ಅಗಲಿಸಿದರೆ ಹಳೆಯ ಗಾಲಿ ಅಚ್ಚಿನ ಸಮೇತ ಹೊರಬರುತ್ತೆ. ಹೊಸ ಅಚ್ಚಿನ ಒಂದು ಮೊನೆಯನ್ನು ಗುಳಿಗೆ ಕೂರಿಸಿ, ಆಮೇಲೆ ಇನ್ನೊಂದು. ಬಲವಂತ ಮಾಡಿದರೆ ಚೌಕಟ್ಟು ಮುರಿಯುತ್ತೆ. ಅಚ್ಚು ಉದ್ದವಾದರೆ ಗಾಲಿ ಬಿಗಿ, ಗಿಡ್ಡವಾದರೆ ಓಲಾಟ. ಊದಿದರೆ ತಾನಾಗಿ ತಿರುಗಬೇಕು. ಇಲ್ಲಿ ಎಣ್ಣೆ ಬೇಡವೇ ಬೇಡ.

ಇನ್ನು ಕೊಂಡಿ. ಹಳೆಯದು ಚೌಕದ ದೊಡ್ಡ ಕೊಕ್ಕೆ. ಜರ್ಮನಿಯ ಆರ್ನಾಲ್ಡ್ ಕಂಪನಿ 1960ರ ದಶಕದಲ್ಲಿ ತಂದ ಈ ‘ರಾಪಿಡೋ’ ಕೊಕ್ಕೆಯನ್ನೇ ಮಿಕ್ಕ ಕಂಪನಿಗಳೂ ಹಾಕಿದವು. ಹೊಸದು, ಎರಡು ಕೈಗಳ ಬೆರಳು ಮಡಚಿ ಒಂದಕ್ಕೊಂದು ಸಿಕ್ಕಿಸಿದಂತೆ ಕೂಡುತ್ತೆ. ನಿಜವಾದ ರೈಲಿಗೆ ಈ ತರಹದ್ದನ್ನು ಮಾಡಿ ಅಮೆರಿಕದ ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಕೆಲಸಗಾರರು ಎರಡು ಡಬ್ಬಿಗಳ ನಡುವೆ ನಿಂತು ಕೈಯಾರೆ ಗೂಟ ಹಾಕಬೇಕಿತ್ತು. ಎಷ್ಟೋ ಜನ ಬೆರಳು ಕಳೆದುಕೊಂಡರು, ಪ್ರಾಣವನ್ನೂ ಕಳೆದುಕೊಂಡರು. 1893ರಲ್ಲಿ ಅಲ್ಲಿನ ಸರ್ಕಾರ ತಾನಾಗಿ ಕೂಡುವ ಕೊಂಡಿಯೇ ಬೇಕೆಂದು ಕಾನೂನು ಮಾಡಿತು. ನಮ್ಮ ಗೂಡ್ಸ್ ವ್ಯಾಗನ್ನುಗಳಲ್ಲೂ ಈಗಿನ ಎಲ್‌ಎಚ್‌ಬಿ ಡಬ್ಬಿಗಳಲ್ಲೂ ಇದೇ ಜಾತಿಯದು. ಅಪ್ಪ ಕಂಡೊಡನೆ ಗುರುತು ಹಿಡಿದರು!

ನಮ್ಮ ಡಬ್ಬಿಗಳಲ್ಲಿ ಕೊಂಡಿ ಬೋಗಿಗೇ ಅಂಟಿಕೊಂಡಿತ್ತು. ಹೀಗಾಗಿ ನಡುವಿನ ಪಿನ್ನು ಕಿತ್ತು, ಹೊಸ ಕೊಂಡಿಯಿರುವ ಬೋಗಿಯನ್ನೇ ಇಟ್ಟು ಪಿನ್ನು ಒತ್ತಿದೆ. ಕೊಂಡಿಯ ಬಿಡಿಭಾಗ ಜೋಡಿಸೋದಾದರೆ ಜೋಕೆ, ಅದರ ಸ್ಪ್ರಿಂಗು ಜೀರಿಗೆಗಿಂತ ಸಣ್ಣದು. ಹಾರಿತೋ, ಮತ್ತೆ ಸಿಗೋದಿಲ್ಲ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಕೆಲಸ ಮಾಡಿ.

ಖರ್ಚಿನ ಚಿಂತೆಯೇ? ಎಲ್ಲ ಡಬ್ಬಿಗೂ ಒಮ್ಮೆಗೇ ಹಾಕಬೇಕಿಲ್ಲ. ಒಂದು ಡಬ್ಬಿಗೆ ಈ ತುದಿಯಲ್ಲಿ ಹಳೆಯ ಕೊಂಡಿ, ಆ ತುದಿಯಲ್ಲಿ ಹೊಸದು ಇಟ್ಟರೆ ಎರಡು ಕಾಲದ ಡಬ್ಬಿಗಳೂ ಒಟ್ಟಿಗೆ ಓಡುತ್ತವೆ. ಅತ್ತೆ ಸೊಸೆಯರ ನಡುವೆ ಮಗ ಇದ್ದ ಹಾಗೆ!

ಇಷ್ಟಾದರೂ ಮೂರನೆಯ ಡಬ್ಬಿ ಉರುಳುತ್ತಲೇ ಇತ್ತು. ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ತಲೆಯಾಡಿಸಿದರು. ಅಮೆರಿಕದ ಮಾದರಿ ರೈಲು ಸಂಘ ತೂಕಕ್ಕೂ ಒಂದು ಲೆಕ್ಕ ಕೊಟ್ಟಿದೆ: ಅರ್ಧ ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ 0.15 ಔನ್ಸ್. ನಾಲ್ಕಂಗುಲದ ಡಬ್ಬಿಗೆ ಸುಮಾರು 31 ಗ್ರಾಂ. ನಮ್ಮದು ಅಡುಗೆಮನೆ ತಕ್ಕಡಿಯಲ್ಲಿ 22 ತೂಗಿತು. ಒಳಗೆ ನಡುಮಧ್ಯೆ ಹಿತ್ತಾಳೆ ನಟ್ಟು ಅಂಟಿಸಿದೆ, ಸರಿಹೋಯಿತು.

ನೆನಪಿಡಿ:

* ಲೋಹದ ಗಾಲಿಯ ಜೊತೆಯಲ್ಲಿ ಒಂದು ಕಡೆಯಾದರೂ ಕರೆಂಟು ಹರಿಯದಂತೆ ತಡೆ ಇರಬೇಕು. ಇಲ್ಲದಿದ್ದರೆ ಎರಡು ಕಂಬಿಗೂ ಶಾರ್ಟ್ ಆಗುತ್ತೆ.
* ಕೊಂಡಿಯ ಕೆಳಗೆ ಇಳಿಬಿದ್ದ ತಂತಿ ಕಂಬಿಗೆ ತಾಗಬಾರದು. ತಾಗಿದರೆ ಹಳಿ ಕೂಡುವಲ್ಲಿ ಸಿಕ್ಕಿ ಗಾಡಿ ಉರುಳುತ್ತೆ.
* ಕೊಂಡಿ ಬಿಗಿಯಾದರೆ ಒಣ ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಹಾಕಿ.
* ಅಮೆರಿಕದಲ್ಲಿ ಗೋಡೆಯ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಅಲ್ಲಿನ ಪೆಟ್ಟಿಗೆಯನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತೆ. ನಡುವೆ ತಕ್ಕ ಟ್ರಾನ್ಸ್‌ಫಾರ್ಮರ್ ಬೇಕು.
* ಬಿಡಿಭಾಗಗಳು ಪುಟ್ಟ ಮಕ್ಕಳ ಕೈಗೆ, ಬಾಯಿಗೆ ಸಿಗದಿರಲಿ.

ಕೊನೆಯ ಡಬ್ಬಿಯ ಗಾಲಿ ನಾನು ಹಾಕಲಿಲ್ಲ. ಅಪ್ಪ ಎಡಗೈಯಲ್ಲಿ ಚಿಮುಟ ಹಿಡಿದು, ಸೋತ ಬಲಗೈಯಿಂದ ಡಬ್ಬಿಯನ್ನು ಮೇಜಿಗೆ ಒತ್ತಿ ಹಿಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಒಲೆಯ ಮೇಲೆ ಸಾರು ಉಕ್ಕಿತು, ನಾನು ಏಳಲಿಲ್ಲ. ಅಚ್ಚು ಗುಳಿಗೆ ಟಕ್ಕಂತ ಕೂತಾಗ ಮೊಮ್ಮಗ ಶಿಳ್ಳೆ ಹೊಡೆದ. ಎಂಟು ಡಬ್ಬಿಯ ಗಾಡಿ ಹತ್ತು ಸುತ್ತು ಓಡಿತು, ಒಂದೂ ಉರುಳಲಿಲ್ಲ.

ಅಪ್ಪನಿಗೆ ಈಗಲೂ ಮಾತು ಪೂರ್ತಿ ಬಂದಿಲ್ಲ, ಕೈಯೂ ಅಷ್ಟೇ. ಆದರೆ ಸಂಜೆ ಐದಕ್ಕೆ ಕಾಫಿ ಕುಡಿದು, ಮೊಮ್ಮಗ ಸ್ಕೂಲಿನಿಂದ ಬರೋದನ್ನೇ ಕಾಯುತ್ತಾರೆ. ಗಾಡಿ ಹೊರಡುವ ಮುಂಚೆ ಒಂದೊಂದೇ ಗಾಲಿ ಮುಟ್ಟಿ ನೋಡಿ, ಎಡಗೈ ಎತ್ತುತ್ತಾರೆ. ಆ ಕೈ ಏಳದೆ ನಮ್ಮ ಮನೇಲಿ ಗಾಡಿ ಬಿಡೋ ಹಾಗಿಲ್ಲ!

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಕೆಟ್ಟುನಿಂತ ಆಟಿಕೆ ಇದ್ದೀತು. ಗುಜರಿಗೆ ಹಾಕುವ ಮುಂಚೆ ಮನೆಯ ಹಿರಿಯರ ಕೈಗೆ ಒಮ್ಮೆ ಕೊಟ್ಟು ನೋಡಿ.