ತಾಳ ತಪ್ಪಿದ ಹೃದಯ: ಗುಳಿಗೆಯೋ, ದಹನವೋ?

ಪುಲಿಕೇಶಿನಗರದ ಮನೆಯೊಂದರಲ್ಲಿ ವಿಶ್ರಮಿಸುತ್ತಿರುವ ಆರೋಗ್ಯವಂತನ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಮಿಡಿಯುವುದಷ್ಟೆ. ಹೃದಯಾಘಾತದಿಂದ ಚೇತರಿಸಿಕೊಂಡವನ ಹೃತ್ಕುಕ್ಷಿಯಲ್ಲಿ ಕಲೆಯೊಂದು ಉಳಿಯುವುದುಂಟು. ಅದರ ಅಂಚಿನಲ್ಲಿ ವಿದ್ಯುತ್ಪ್ರವಾಹವು ಸುಳಿಯಂತೆ ಸುತ್ತತೊಡಗಿದರೆ ಮಿಡಿತವು 150-200ಕ್ಕೇರಿ, ರಕ್ತವನ್ನು ನೂಕುವ ಶಕ್ತಿಯೇ ಕುಂದುತ್ತದೆ. ಸಾವು ಕೆಲವೇ ನಿಮಿಷಗಳ ದೂರದಲ್ಲಿರಬಹುದು.

ಔಷಧಿಯಿಂದ ಇದನ್ನು ಅಡಗಿಸುವುದು ಸುಲಭವೆಂದು ತೋರೀತು. ಆದರೆ 1989ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಎನ್‌ಕೈನೈಡ್, ಫ್ಲೆಕೈನೈಡ್‌ಗಳು ಅಕಾಲ ಮಿಡಿತಗಳನ್ನು ಅಡಗಿಸಿದವು. ಅವನ್ನು ಸೇವಿಸಿದವರಲ್ಲಿ ಸತ್ತವರು ಮಾತ್ರ ಹುಸಿಗುಳಿಗೆ ನುಂಗಿದವರಿಗಿಂತ ಹೆಚ್ಚು! ಅಮಿಯೋಡರೋನ್ ಅವುಗಳಿಗಿಂತ ಮೇಲು. ಆದರೂ ಅದು ಥೈರಾಯ್ಡನ್ನೂ ಶ್ವಾಸಕೋಶವನ್ನೂ ಕೆಡಿಸಬಲ್ಲದು.

1980ರಲ್ಲಿ ಮಿಷೆಲ್ ಮಿರೋವ್ಸ್ಕಿಯ ಡೀಫಿಬ್ರಿಲೇಟರ್ ಯಂತ್ರವನ್ನು ಮೊದಲ ಬಾರಿಗೆ ರೋಗಿಯ ದೇಹದೊಳಗೆ ಹುದುಗಿಸಲಾಯಿತು. ಲಯ ಕೆಟ್ಟೊಡನೆ ಅದು ವಿದ್ಯುದಾಘಾತವಿತ್ತು ಪ್ರಾಣವನ್ನುಳಿಸುತ್ತದೆ. ಸುಳಿಯ ಮೂಲವನ್ನು ನಿವಾರಿಸದು. ಆ ಕೆಲಸ ಕೆಥೆಟರಿನದು: ತೊಡೆಯ ರಕ್ತನಾಳದ ಮೂಲಕ ಅದನ್ನು ಹೃದಯಕ್ಕೇರಿಸಿ ದೋಷದ ಎಡೆಯನ್ನು ಸುಡುವರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿಯೂ ಕೆಥೆಟರ್ ದಹನ ನಡೆಯುತ್ತದೆ.

2024ರಲ್ಲಿ ಪ್ರಕಟವಾದ ವ್ಯಾನಿಶ್-2 ಪ್ರಯೋಗದಲ್ಲಿ, ಯಂತ್ರವನ್ನು ಧರಿಸಿದ್ದ 416 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಸಾವು ಅಥವಾ ಲಯಭಂಗದ ಉಗ್ರ ಮರುಕಳಿಕೆ ದಹನ ಪಡೆದವರಲ್ಲಿ ನೂರಕ್ಕೆ 50.7, ಗುಳಿಗೆಯವರಲ್ಲಿ 60.6. ಅಂತರವುಂಟು, ನಿಜ, ಆದರೆ ಸುಟ್ಟ ಮೇಲೂ ಅರ್ಧದಷ್ಟು ಜನ ಪಾರಾಗಲಿಲ್ಲ. ಆದುದರಿಂದಲೇ ದಹನವಾದ ಬಳಿಕವೂ ಯಂತ್ರವನ್ನು ಎದೆಯಲ್ಲಿಯೇ ಉಳಿಸುವರು.