ಬರವನ್ನು ಎಣಿಸೋದು ಮಕ್ಕಳಿಗೆ ಕಲಿಸೋಣ

ನೆರೆ ಬಂದ್ರೆ ಟಿವಿಯಲ್ಲಿ ಕಾಣುತ್ತೆ. ಬರ ಹಾಗಲ್ಲ, ಸದ್ದಿಲ್ಲದೆ ಬರುತ್ತೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಬೆಂಗಳೂರಲ್ಲಿರೋ ನಮ್ಮಲ್ಲಿ ಅನೇಕರಿಗೆ ಅದು ತಟ್ಟಿದ್ದು ಮುಂದಿನ ಬೇಸಿಗೆಯಲ್ಲಿ, ನಲ್ಲಿ ಒಣಗಿ ಟ್ಯಾಂಕರ್‌ಗೆ ಕಾಯುವಾಗ.

ರಜೆಗೆ ಊರಿಗೆ ಹೋದಾಗ ಚಳ್ಳಕೆರೆ ಕಡೆಯ ಹೈಸ್ಕೂಲ್ ಮಕ್ಕಳಿಗೆ ಒಂದೆರಡು ತರಗತಿ ತಗೊಳ್ತೀನಿ. ಬರ ಅಂದ್ರೇನು ಅಂತ ಕೇಳಿದ್ರೆ, "ಮಳೆ ಬರದೇ ಇರೋದು ಸಾರ್" ಅಂತಾರೆ. ಆಗ ಬೋರ್ಡ್ ಮೇಲೆ ಎರಡು ಊರು ಬರೀತೀನಿ. ಒಂದರಲ್ಲಿ ಮೂರು ದಿನಕ್ಕೊಮ್ಮೆ 10 ಮಿ.ಮೀ., ಹತ್ತು ಸಲ ಮಳೆ. ಇನ್ನೊಂದರಲ್ಲಿ ಒಂದೇ ದಿನ 100 ಮಿ.ಮೀ., ಉಳಿದ 29 ದಿನ ಬಿಸಿಲು. ತಿಂಗಳ ಲೆಕ್ಕ ಎರಡೂ ಕಡೆ ಒಂದೇ. ಶೇಂಗಾ ಎಲ್ಲಿ ಉಳಿಯುತ್ತೆ? ಉತ್ತರ ಹೇಳೋಕೆ ಮಕ್ಕಳಿಗೆ ಒಂದು ನಿಮಿಷವೂ ಬೇಡ.

ಅಲ್ಲಿಂದ ಮುಂದೆ ಪಾಠ ಸಲೀಸು. ವಾಡಿಕೆಗಿಂತ ಮಳೆ ಕಮ್ಮಿಯಾದ್ರೆ ಹವಾಮಾನದ ಬರ. ಮಣ್ಣಲ್ಲಿ ತೇವ ಆರಿ ಬೆಳೆ ಬಾಡಿದ್ರೆ ಕೃಷಿ ಬರ. ಕೆರೆ, ಬೋರ್‌ವೆಲ್ ಬತ್ತಿದ್ರೆ ಜಲ ಬರ. ಕಾರಣ ದೂರದ್ದೂ ಇರಬಹುದು, ಹತ್ತಿರದ್ದೂ ಇರಬಹುದು. 2023ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಎಲ್ ನಿನೋ ಬಂತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶದಲ್ಲೇ ಅತ್ಯಂತ ಒಣ ಆಗಸ್ಟ್. ಚಿತ್ರದುರ್ಗವಂತೂ ಮೊದಲೇ ಘಟ್ಟದ ಮಳೆನೆರಳಿನಲ್ಲಿದೆ. ಹೂಳು ತುಂಬಿದ ಕೆರೆ, ಆಳಕ್ಕಿಳಿದ ಬೋರ್‌ವೆಲ್ ಮಾತ್ರ ನಮ್ಮದೇ ಕೊಡುಗೆ.

ಬರ ಘೋಷಣೆ ಯಾರದೋ ಮರ್ಜಿಯಲ್ಲ, ಅದಕ್ಕೆ ಅಳತೆ ಇದೆ. ಮಳೆ ಕೊರತೆ ಎಷ್ಟು, ಸತತ ಮೂರು-ನಾಲ್ಕು ವಾರ ಮಳೆ ಕೈಕೊಟ್ಟಿದೆಯಾ, ಬಿತ್ತನೆ ಎಷ್ಟಾಗಿದೆ, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟಿದೆ, ಮಣ್ಣಿನ ತೇವ, ಜಲಾಶಯದ ಮಟ್ಟ ಎಲ್ಲ ನೋಡ್ತಾರೆ. ಆಮೇಲೆ ಹೊಲಕ್ಕಿಳಿದು ಪರಿಶೀಲನೆ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. "ಆರಿದ್ರಾ ಮಳೆ ಕೈಕೊಡ್ತು" ಅನ್ನೋ ಅಜ್ಜಿಯ ಮಾತು ಕೂಡ ಎರಡು ವಾರದ ಲೆಕ್ಕವೇ.

ಶಾಲೆಯಲ್ಲಿ ಮಳೆಮಾಪಕ ಮಾಡೋಕೆ ನೇರ ಬದಿಯ ಪ್ಲಾಸ್ಟಿಕ್ ಬಾಟಲಿ ಸಾಕು. ಕತ್ತು ಕತ್ತರಿಸಿ ಆಲಿಕೆಯಂತೆ ಬೋರಲಾಗಿ ಕೂರಿಸಿ. ತಳಕ್ಕೆ ಕಲ್ಲು, ಒಂದಿಷ್ಟು ನೀರು ಹಾಕಿ ಆ ಮಟ್ಟವನ್ನು ಸೊನ್ನೆ ಎಂದು ಗುರುತು ಮಾಡಿ, ಮೇಲೆ ಸ್ಕೇಲ್ ಅಂಟಿಸಿ, ಬಯಲಲ್ಲಿಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ, ಬರೆದು, ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಒಂದು ಮಿ.ಮೀ. ಮಳೆ ಅಂದ್ರೆ ಪ್ರತಿ ಚದರ ಮೀಟರ್‌ಗೆ ಒಂದು ಲೀಟರ್. ಶಾಲೆಯ ಸೂರಿನ ಮೇಲೆ ಎಷ್ಟು ನೀರು ಬಿತ್ತು ಅನ್ನೋದನ್ನ ಮಕ್ಕಳೇ ಗುಣಿಸ್ತಾರೆ.

ಇದು ಬರೀ ವಿಜ್ಞಾನದ ಪ್ರಾಜೆಕ್ಟ್ ಅಲ್ಲ. ಬರ ಪರಿಹಾರ, ಹವಾಮಾನ ಆಧಾರಿತ ಬೆಳೆ ವಿಮೆ ಎರಡೂ ನಿಂತಿರೋದು ಇಂಥ ಅಂಕಿಗಳ ಮೇಲೆ. ಅಂಕಿ ಓದೋಕೆ ಬರದ ಮನೆ, ಹೇಳಿದ್ದನ್ನ ನಂಬಬೇಕು. ಓದೋಕೆ ಬರುವ ಮಗು ಮನೆಯಲ್ಲಿದ್ರೆ ಅಪ್ಪ ಪಂಚಾಯಿತಿಗೆ ಹೋಗಿ, "ನಮ್ಮ ಊರಿನ ಲೆಕ್ಕ ತೋರ್ಸಿ" ಅಂತ ಕೇಳಬಹುದು. ಈ ಸಲ ಊರಿಗೆ ಹೋಗುವಾಗ ಒಂದು ಖಾಲಿ ಬಾಟಲಿ, ಒಂದು ಸ್ಕೇಲ್ ನೀವೂ ತಗೊಂಡು ಹೋಗಿ.