ದಂಡಿನಿಂದ ಮನೆಗೆ ಬಂದ ಕಾಗದಗಳು

ಅಮೆರಿಕದ ಅಂತರ್ಯುದ್ಧ 1861ರ ಏಪ್ರಿಲ್‌ನಲ್ಲಿ ಶುರುವಾಗಿ 1865ರಲ್ಲಿ ಮುಗಿಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಉತ್ತರದ ಒಕ್ಕೂಟಕ್ಕೂ ನಡೆದ ಈ ಕಾಳಗದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಅದನ್ನು ಸೇನಾಪತಿಗಳ ವರದಿಗಳಾಚೆ, ಸಾಮಾನ್ಯ ಸಿಪಾಯಿಗಳ ಬಾಯಿಂದಲೇ ಕೇಳಲು ಸಾಧ್ಯವಾಗಿರುವುದು ಅವರು ಮನೆಗೆ ಬರೆದ ಕಾಗದಗಳಿಂದ.

ಉತ್ತರದ ಬಿಳಿಯ ಸೈನಿಕರಲ್ಲಿ ನೂರಕ್ಕೆ ಸುಮಾರು 90, ದಕ್ಷಿಣದವರಲ್ಲಿ ಸುಮಾರು 80 ಮಂದಿಗೆ ಓದುಬರಹ ತಿಳಿದಿತ್ತು. ಅಷ್ಟು ಅಕ್ಷರಸ್ಥ ಸೇನೆಗಳು ಅದಕ್ಕೂ ಮುಂಚೆ ಇರಲಿಲ್ಲ. ಸೈನಿಕರ ಕಾಗದಗಳನ್ನು ತೆರೆದು ಓದಿ ಕತ್ತರಿ ಹಾಕುವ ಪದ್ಧತಿಯೂ ಇರಲಿಲ್ಲವಾದ್ದರಿಂದ ಅವರು ಮನಸ್ಸು ಬಿಚ್ಚಿ ಬರೆದರು.

ಉತ್ತರದಲ್ಲಿ ಅಂಚೆ ದರ 3 ಸೆಂಟ್. ಅದನ್ನೂ ಕೊಡಲಾಗದವನು ಲಕೋಟೆಯ ಮೇಲೆ ‘ಸೈನಿಕನ ಪತ್ರ’ ಎಂದು ನಮೂದಿಸಿ ಕಳಿಸಬಹುದಿತ್ತು, ಹಣವನ್ನು ಮನೆಯವರು ತೆರುತ್ತಿದ್ದರು. ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಬಿದ್ದು ಕಾಗದವೇ ದುರ್ಲಭವಾಯಿತು. ಬಂದ ಲಕೋಟೆಯನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಬಳಸಿದರು. ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯೂ ಪತ್ರವಾಯಿತು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಹೊಸ ಸಾಲುಗಳನ್ನು ಬರೆದದ್ದೂ ಉಂಟು.

ಕಾಗದಗಳಲ್ಲಿ ಕಾಳಗಕ್ಕಿಂತ ದಿನದಿನದ ಬದುಕೇ ಹೆಚ್ಚು. ಕಲ್ಲಿನಂತೆ ಗಟ್ಟಿಯಾದ ಬಿಸ್ಕತ್ತು, ಕೆಸರು, ಜ್ವರ, ಭೇದಿ ಪದೇ ಪದೇ ಬರುತ್ತವೆ. ಗುಂಡಿಗಿಂತ ರೋಗಕ್ಕೇ ಹೆಚ್ಚು ಜನ ಬಲಿಯಾದ ಯುದ್ಧವದು. ರೈತರಾಗಿದ್ದವರು ಬಿತ್ತನೆ, ಸಾಲ, ದನಕರುಗಳ ವಿಚಾರವನ್ನು ಹೆಂಡತಿಗೆ ವಿವರಿಸಿದರು. ಇತ್ತ ದಕ್ಷಿಣದ ಮನೆಗಳಿಂದ ಹೋದ ಹಸಿವಿನ ಸುದ್ದಿ ಅನೇಕರು ದಂಡು ಬಿಟ್ಟು ಓಡಿಬರಲು ಕಾರಣವಾಯಿತು. ಸತ್ತವರ ಮನೆಗೆ ಸುದ್ದಿ ಮುಟ್ಟಿಸುವ ಸರಿಯಾದ ಸರಕಾರಿ ವ್ಯವಸ್ಥೆ ಇರಲಿಲ್ಲ. ಜೊತೆಗಾರನೇ ಸತ್ತವನ ತಾಯಿಗೆ ಅವನ ಕೊನೆಗಳಿಗೆಯನ್ನೂ ಹೂಳಿದ ಜಾಗವನ್ನೂ ಬರೆದು ತಿಳಿಸುತ್ತಿದ್ದ.

ಒಕ್ಕೂಟದ ಸೇನೆಯಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರಿದ್ದರು. ದಕ್ಷಿಣದ ಅನೇಕ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದರಿಂದ ಇವರಲ್ಲಿ ಹಲವರು ಬೇರೆಯವರಿಂದ ಬರೆಸಬೇಕಾಯಿತು. ಸ್ಪಾಟ್ಸ್‌ವುಡ್ ರೈಸ್ ಎಂಬ ಸೈನಿಕ 1864ರಲ್ಲಿ ಸೇಂಟ್ ಲೂಯಿಸ್‌ನ ಸೇನಾ ಆಸ್ಪತ್ರೆಯಿಂದ, ಮಿಸೌರಿಯಲ್ಲಿ ಇನ್ನೂ ಗುಲಾಮಗಿರಿಯಲ್ಲಿದ್ದ ತನ್ನ ಹೆಣ್ಣುಮಕ್ಕಳಿಗೆ ಬಿಡಿಸಲು ಬರುವೆನೆಂದು ಭರವಸೆ ಕೊಟ್ಟ. ಒಬ್ಬ ಮಗಳನ್ನು ಹಿಡಿದಿಟ್ಟಿದ್ದ ಒಡತಿಗೂ ನೇರ ಎಚ್ಚರಿಕೆ ಕಳಿಸಿದ. ಒಡತಿಯ ಕಡೆಯವರು ದೂರಿನ ಜೊತೆ ಆ ಕಾಗದಗಳನ್ನು ಸೇನಾಧಿಕಾರಿಗೆ ಕಳಿಸಿದ್ದರಿಂದಲೇ ಅವು ಸರಕಾರಿ ದಾಖಲೆಯಲ್ಲಿ ಉಳಿದಿವೆ.

ಇತಿಹಾಸಕಾರ ಬೆಲ್ ವೈಲಿ 1943 ಮತ್ತು 1952ರಲ್ಲಿ ಪ್ರಕಟಿಸಿದ ಎರಡು ಪುಸ್ತಕಗಳಲ್ಲಿ ಇಂಥ ಕಾಗದಗಳಿಂದ ಎರಡೂ ಪಕ್ಷದ ಸಿಪಾಯಿಗಳ ಬದುಕನ್ನು ಕಟ್ಟಿಕೊಟ್ಟರು. ಸೈನಿಕರು ಏಕೆ ಹೋರಾಡಿದರೆಂದು ತಿಳಿಯಲು ಜೇಮ್ಸ್ ಮೆಕ್‌ಫರ್ಸನ್ ಸುಮಾರು 25,000 ಪತ್ರಗಳನ್ನು ಓದಿದರು. ಮನೆಯವರು ಹೆದರದಿರಲೆಂದು ಮುಚ್ಚಿಟ್ಟ ಸಂಗತಿಗಳು ಇವುಗಳಲ್ಲಿ ಸಿಗುವುದಿಲ್ಲ, ಅಕ್ಷರ ಬಾರದವರ ದನಿಯೂ ಕ್ಷೀಣ. ಆದರೂ ಹೊಲಮನೆ ಬಿಟ್ಟು ಬಂದ ಜನ ಆ ಯುದ್ಧವನ್ನು ಹೇಗೆ ಅರ್ಥಮಾಡಿಕೊಂಡಿದ್ದರು ಎಂಬುದಕ್ಕೆ ಇವುಗಳಿಗಿಂತ ಹತ್ತಿರದ ಸಾಕ್ಷ್ಯ ಬೇರೆ ಇಲ್ಲ.